ಹಿಮದ ತೂಕ ತಿಳಿದ ಕರುಣಾಕರಣ್ಣ

ವಿಮಾನ ತಪ್ಪಬಹುದಿತ್ತು. ಪಾಸ್‌ಪೋರ್ಟಿನ ಫೋಟೊಗೂ ನನ್ನ ಮುಖಕ್ಕೂ ತಾಳೆಯಾಗದೆ ಹೋಗಬಹುದಿತ್ತು. ಹೆಂಡತಿಗೆ ತಲೆಸುತ್ತು, ನನಗೆ ಎದೆನೋವು, ಬಸ್ಸಿಗೆ ಬ್ರೇಕ್ ಫೇಲು, ಏನೂ ಆಗಬಹುದಿತ್ತು. ಈದ್ ರಜೆಗೆ ದುಬೈಯಲ್ಲಿರುವ ನಾವು ಊರವರೆಲ್ಲ ಸೇರಿ ಹಿಮ ನೋಡಲು ಜಾರ್ಜಿಯಾಕ್ಕೆ ಹೊರಟಾಗ ಇಷ್ಟನ್ನೂ ನಾನು ಮುಂಚಿತವಾಗಿ ಅನುಭವಿಸಿ ಮುಗಿಸಿದ್ದೆ. ಹಿಮವೇ ಕುಸಿಯಬಹುದೆಂದು ಮಾತ್ರ ಹೊಳೆದಿರಲಿಲ್ಲ. ಅದು ಕರುಣಾಕರಣ್ಣನ ಇಲಾಖೆ.

ಕಾರ್ಕಳದ ಕರುಣಾಕರಣ್ಣ ಸೈನ್ಯದಲ್ಲಿದ್ದಾಗ ಹಿಮನದಿಯ ಮೇಲೆ ಕಾವಲಿದ್ದವರು. ನಿವೃತ್ತರಾದ ಮೇಲೆ ದುಬೈಯ ಮಾಲೊಂದರ ಕೃತಕ ಹಿಮದ ಹಾಲ್‌ನಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಆ ಖಾಲಿ ಬಿಳುಪಿನಲ್ಲಿ ಮೊಣಕಾಲಾಳದ ಗುಂಡಿ ತೋಡಿ, ಪದರಗಳನ್ನು ಬೆರಳಿನಿಂದ ಒತ್ತಿ, ಕಿವಿಯಿಟ್ಟು ಕೂರುತ್ತಿದ್ದರು.

"ಮೆಷಿನಿನ ಹಿಮವೂ ಕುಸಿಯುವುದುಂಟಾ?" ಎಂದು ನಾನು ನಕ್ಕರೆ, "ಮೆಷಿನಿಂದ ಬಂದದ್ದಾ ಆಕಾಶದಿಂದ ಬಂದದ್ದಾ ಅಂತ ಹಿಮಕ್ಕೆಂತ ಗೊತ್ತು ಮಾರಾಯ್ರೆ? ಅದಕ್ಕೆ ತೂಕ ಮಾತ್ರ ಗೊತ್ತುಂಟು. ಅಡಿಯ ಪದರ ಸಕ್ಕರೆ ಹಾಗೆ ಉದುರಿದ್ರೆ, ಮೇಲಿನದ್ದು ಕಾಯ್ತಾ ಇರ್ತದೆ" ಎನ್ನುತ್ತಿದ್ದರು.

ಯಾರಿಗಾಗಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಜಾರ್ಜಿಯಾದಲ್ಲಿ ನಮ್ಮ ಮಕ್ಕಳು ಮರುಭೂಮಿಯಲ್ಲಿ ಮಾಡುವುದನ್ನೇ ಮಾಡಿದರು: ದಿಬ್ಬದ ನೆತ್ತಿಗೆ ಓಡಿ, ಗಾಳಿಮರೆಯ ಬದಿಯಿಂದ ಜಾರುವುದು. ಎಲ್ಲರಿಗಿಂತ ಮುಂದೆ ನನ್ನ ಮಗಳು. ಆಚೆ ಬದಿಯಲ್ಲಿ ಏಳೆಂಟು ಹೆಜ್ಜೆ ಇಳಿದಿರಬೇಕು, ದೊಡ್ಡ ಪ್ರಾಣಿಯೊಂದು ಮಗ್ಗುಲು ಬದಲಿಸಿದಂತೆ ಹಿಮದೊಳಗೆ 'ಹುಂ' ಎಂದಿತು. ಅವಳ ಕಾಲಬುಡದಿಂದ ದಾರದಂಥ ಬಿರುಕೊಂದು ಹರಿದುಹೋಯಿತು.

ನೆತ್ತಿಯಿಂದ ಅವಳತ್ತ ಇಳಿಯಹೊರಟ ನನ್ನನ್ನು, ಜೊತೆಗೇ ಬಂದಿದ್ದ ಕರುಣಾಕರಣ್ಣ ಜಾಕೆಟ್ ಹಿಡಿದು ನಿಲ್ಲಿಸಿದರು. "ನೀವು ಹೋದ್ರೆ ನಿಮ್ಮ ತೂಕವೂ ಸೇರ್ತದೆ." ಮತ್ತೆ ಅವಳಿಗೆ, ಮೆಲ್ಲಗೆ, "ಬಂದ ಹೆಜ್ಜೆಯಲ್ಲೇ ಬಾ ಮಗಾ. ಓಡ್ಬೇಡ."

"ಅಂಕಲ್, ಮೈ ಬೂಟ್ ಈಸ್ ಸ್ಟಕ್."

"ಎಳೀಬೇಡ. ಕಾಲು ಮಾತ್ರ ತೆಗಿ. ಬೂಟು ಅದಕ್ಕೇ ಇರ್ಲಿ."

"ಬಟ್ ಇಟ್ಸ್ ಜಸ್ಟ್ ಲೈಕ್ ಸ್ಯಾಂಡ್" ಎಂದಳು, ಅಳುವ ದನಿಯಲ್ಲಿ.

"ಮರಳು ಜಾರಿದ್ರೆ ನೀನು ಅದರ ಮೇಲೆ. ಇದು ಜಾರಿದ್ರೆ ನಿನ್ನ ಮೇಲೆ. ಬಾ."

ಬಂದಳು. ಅವಳ ಕೈ ನನ್ನ ಕೈಗೆ ಸಿಕ್ಕಿ ಒಂದು ನಿಮಿಷವೂ ಆಗಿರಲಿಲ್ಲ, ಆ ಇಳಿಜಾರು ಇಡಿಯಾಗಿ, ಹಾಸಿಗೆಯ ಮೇಲಿನ ಚಾದರ ಎಳೆದಂತೆ ಕೆಳಗೆ ಹೋಯಿತು. ಸದ್ದು ಆಮೇಲೆ ಬಂತು.

ಕರುಣಾಕರಣ್ಣ ತಮ್ಮದೊಂದು ಬೂಟು ಬಿಚ್ಚಿ ಅವಳಿಗೆ ತೊಡಿಸಿದರು. ತಮ್ಮ ಕಾಲಿಗೆ ಸೂಪರ್‌ಮಾರ್ಕೆಟಿನ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಸ್ಸಿನ ತನಕ ಒಂದು ಗಂಟೆ ನಡೆದರು. ಹಿಮನದಿಯಲ್ಲಿ ಹಿಂದೊಮ್ಮೆ ಮರಗಟ್ಟಿ ಹೇಗೋ ಉಳಿದಿದ್ದ ಕಾಲು ಅದು. ನಮಗೆ ಹೇಳಲಿಲ್ಲ.

ದುಬೈಗೆ ಮರಳಿದ ಮೇಲೆ ಆ ಕಾಲಿನ ಮೆಡಿಕಲ್ ರಿಪೋರ್ಟ್ ನೋಡಿ ಕಂಪೆನಿ 'ಖಲಾಸ್' ಎಂದು ಅವರನ್ನು ಕೆಲಸದಿಂದ ಬಿಡಿಸಿತು. ಅವರು ಊರಿಗೆ ಹೊರಡುವ ದಿನ ಮುಹೈಸ್ನಾದ ಲೇಬರ್ ಕ್ಯಾಂಪಿನ ಅವರ ರೂಮಿಗೆ ಹೋದೆ. ಮಂಚದ ಮೇಲೆ ಕೂತಿದ್ದರು, ಬಲಗಾಲಿಗೆ ಬ್ಯಾಂಡೇಜು. ನನ್ನ ಕಣ್ಣು ಅಲ್ಲಿಗೇ ಹೋಯಿತು.

"ಕಿರುಬೆರಳು ಮಾತ್ರ ತೆಗೆದದ್ದು ಮಾರಾಯ್ರೆ" ಎಂದರು ಅವರೇ. "ಇದ್ದದ್ದರಲ್ಲಿ ಅದೇ ಸಣ್ಣದು."