ಆರು ಇಪ್ಪತ್ತೈದರ ಹಾರ್ನ್

ಗದಿಗೆಪ್ಪನ ಹಿರಿಯರು ಲೈಸೆನ್ಸು ಒಲ್ಲೆವೆಂದು ಸತ್ತವರು. ಮುಧೋಳದ ಹತ್ತಿರ ಹಲಗಲಿ ಎಂಬ ಊರಿನ ಬೇಡರು. ಆಯುಧ ಬೇಕಿದ್ದರೆ ಅಪ್ಪಣೆ ಚೀಟಿ ತೆಗೆದುಕೊಳ್ಳಿ, ಇಲ್ಲವಾದರೆ ತಂದೊಪ್ಪಿಸಿ ಎಂದು ಕಂಪನಿ ಸರಕಾರ ಹೇಳಿದಾಗ ಎರಡಕ್ಕೂ ಒಪ್ಪದೆ ತಿರುಗಿಬಿದ್ದ ಊರದು. ಆ ಹಟಕ್ಕೆ ಬಹಳ ಜನ ಗಲ್ಲಿಗೇರಿದರು. ಅಂಥ ಊರಲ್ಲಿ ಹುಟ್ಟಿದ ಈ ಮನುಷ್ಯ ಮಾತ್ರ ಸಮುದ್ರದಾಚೆಯ ದೇಶದಲ್ಲಿ, ಶೋರ್‌ಲೈನ್ ಎಂಬ ಊರಿನ ತನ್ನ ಮನೆಯಲ್ಲಿ ನಲವತ್ತು ವರ್ಷಗಳ ನಲವತ್ತು ಬೇಟೆ ಲೈಸೆನ್ಸುಗಳನ್ನು, ಒಂದನ್ನೂ ಕಳೆಯದೆ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದ. ಈ ವರ್ಷದ ನಲವತ್ತೊಂದನೆಯದು ಪ್ಲಾಸ್ಟಿಕ್ ಕವರಿನಲ್ಲಿ ಅಂಗಿಯ ಜೇಬಿನಲ್ಲಿರುತ್ತಿತ್ತು. ಯಾರಾದರೂ ನಕ್ಕರೆ ಉತ್ತರ ಸಿದ್ಧ.

"ಅವರು ಚೀಟಿ ಒಲ್ಲೆ ಅಂತ ಸತ್ರು. ನಾ ಚೀಟಿ ಹಿಡಕೊಂಡು ಬದುಕೀನಿ. ಈ ದೇಶದಾಗ ಬಂದೂಕು ಹಿಡಿದ ನಮ್ಮ ಬಣ್ಣದ ಮನಶಾನ ಕೈಯಾಗ ಕಾಗದ ಇರಬೇಕಪಾ."

ಹತ್ತಿರದ ಎವರೆಟ್ ಎಂಬ ಊರಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅವನದು ತಪಾಸಣೆಯ ಕೆಲಸ. ಬೇರೆಯವರು ಬಡಿದ ರಿವೆಟ್ಟು ಮೊಳೆ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಿ ಮುದ್ರೆ ಒತ್ತುವುದು, ಕೂತಿಲ್ಲದಿದ್ದರೆ ಕೀಳಿಸುವುದು. ಆ ಕಣ್ಣು ಮನೆಗೆ ಬಂದ ಮೇಲೂ ಮುಚ್ಚುತ್ತಿರಲಿಲ್ಲ. ಬೇಟೆಯ ಇಲಾಖೆ ವರ್ಷಕ್ಕೊಮ್ಮೆ ಹೊರಡಿಸುವ ನಿಯಮಗಳ ಪುಸ್ತಕವನ್ನು ಪುರಾಣ ಓದುವವರ ಹಾಗೆ, ಪೆನ್ಸಿಲಿನಿಂದ ಗೆರೆ ಎಳೆಯುತ್ತ, ಎರಡೆರಡು ಸಲ ಓದುತ್ತಿದ್ದ. ಸುರಕ್ಷತೆಯ ತರಬೇತಿ ನಿನ್ನ ವಯಸ್ಸಿನವರಿಗೆ ಕಡ್ಡಾಯವಲ್ಲ ಎಂದು ಕಾಯಿದೆಯೇ ಬಿಟ್ಟುಕೊಟ್ಟರೂ ಇವನು ಬಿಡಲಿಲ್ಲ. ಶಾಲೆಯ ಮಕ್ಕಳ ನಡುವೆ ಗೂಟದಂತೆ ಕೂತು, ಪರೀಕ್ಷೆ ಬರೆದು, ಪ್ರಮಾಣಪತ್ರ ತಂದಿದ್ದ. ಹೆಂಡತಿ ಬಸವ್ವ ಇರುವತನಕ ಇದನ್ನೆಲ್ಲ ಆಡಿಕೊಂಡು ನಗುತ್ತಿದ್ದಳು. ಅವಳು ತೀರಿಕೊಂಡ ವರ್ಷವೇ ಇವನು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ. ಅಂದಿನಿಂದ ವಾಕರ್ ಹಿಡಿದೇ ನಡಿಗೆ.

ನಡೆಯಲಾಗದವನಿಗೆ ಇನ್ನೆಲ್ಲಿಯ ಬೇಟೆ ಎಂದು ಮಗ ಮಧು ಒಳಗೊಳಗೇ ನಿರಾಳವಾಗಿದ್ದ. ಆದರೆ ನಿಯಮಗಳ ಪುಸ್ತಕದಲ್ಲಿ ಅಂಥವರಿಗೂ ಒಂದು ಪುಟವಿತ್ತು. ಡಾಕ್ಟರು ಬರೆದುಕೊಟ್ಟರೆ ಅಂಗವಿಕಲರ ಪರವಾನಗಿ ಸಿಗುತ್ತದೆ. ಎಂಜಿನ್ ಆರಿಸಿ ನಿಲ್ಲಿಸಿದ ಗಾಡಿಯಲ್ಲಿ ಕೂತೇ ಗುಂಡು ಹಾರಿಸಬಹುದು. ಜೊತೆಗೆ ಒಬ್ಬ ಸಹಾಯಕ ಇರಬಹುದು. ಗಾಯಗೊಂಡ ಪ್ರಾಣಿ ಓಡಿದರೆ ಹಿಂದೆ ಹೋಗಿ ಅದನ್ನು ಮುಗಿಸಬೇಕಾದವನು ಆ ಸಹಾಯಕ. ಅವನಿಗೂ ಲೈಸೆನ್ಸು ಬೇಕು. ಮಧು ಚಿಕ್ಕಂದಿನಿಂದಲೂ ಬಂದೂಕು ಕಂಡರೆ ಮುಖ ತಿರುಗಿಸುವವನು, ಖಡಾಖಂಡಿತವಾಗಿ ಆಗದು ಎಂದ. ಆಗಲಿ ಎಂದವಳು ಸೊಸೆ ಪೂರ್ಣಿಮಾ.

ಅವಳು ಗದಗಿನ ಲಿಂಗಾಯತರ ಮನೆಯ ಮಗಳು. ಮೊಟ್ಟೆ ಸಹ ಮುಟ್ಟಿದವಳಲ್ಲ. ಮಾವ ಮಾಂಸ ಬೇಯಿಸಿಕೊಳ್ಳುವುದು ಗ್ಯಾರೇಜಿನ ಬೇರೆ ಒಲೆಯ ಮೇಲೆ, ಬೇರೆ ಪಾತ್ರೆಯಲ್ಲಿ. ಹದಿನೈದು ವರ್ಷದಿಂದ ಹಾಗೇ ನಡೆದುಕೊಂಡು ಬಂದಿತ್ತು. ಬಸವ್ವ ಹೋದ ಮೇಲೆ ಎರಡು ವರ್ಷ ಆ ಒಲೆ ಹೊತ್ತಲಿಲ್ಲ. ಮಾವ ಟೀವಿ ಹಚ್ಚಿಕೊಂಡು, ಅದನ್ನೂ ನೋಡದೆ, ಕಿಟಕಿಯ ಆಚೆ ನೋಡುತ್ತ ಕೂತಿರುತ್ತಿದ್ದ. ಅದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

"ಮಾವಾರ, ನಾ ಕೋರ್ಸ್ ಮಾಡ್ತೀನ್ರಿ," ಎಂದಳು ಒಂದು ದಿನ. "ಹೆಸರಿಗೆ ಒಬ್ಬರು ಬೇಕಲ್ಲ? ನೀವೇನು ಗುರಿ ತಪ್ಪಂಗಿಲ್ಲ, ನನಗೇನು ಕೆಲಸ ಬೀಳಂಗಿಲ್ಲ."

ಗದಿಗೆಪ್ಪ ಹೂಂ ಎಂದನಷ್ಟೇ.

ಕೋರ್ಸು ಮುಗಿಸಿ ಅವಳು ಲೈಸೆನ್ಸನ್ನೂ ಸಹಾಯಕಿಯ ಕಾರ್ಡನ್ನೂ ತಂದಳು. ಆದರೆ ಒಂದು ತೊಡಕಿತ್ತು. ಇಷ್ಟು ವರ್ಷ ಇಂದು ನಾಳೆ ಎಂದು ಮುಂದೂಡಿ, ಪೂರ್ಣಿಮಾ ಈ ವರ್ಷ ಇಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಿದ್ದಳು. ನವೆಂಬರ್ ಹದಿನೆಂಟಕ್ಕೆ ಸಂದರ್ಶನ. ಹಿಂದೆಂದಾದರೂ ಕಾಯಿದೆ ಮುರಿದಿದ್ದೀರಾ, ದಂಡ ಬಿದ್ದಿದೆಯಾ ಎಂದು ಅಲ್ಲಿ ಪ್ರಮಾಣ ಮಾಡಿಸಿ ಕೇಳುತ್ತಾರೆ. ಬಂದೂಕಿನ ವಿಷಯದಲ್ಲಿ ಸಣ್ಣದೊಂದು ಕೇಸಾದರೂ ಫೈಲು ಎಲ್ಲಿ ಹೋಗಿ ಕೂರುತ್ತದೋ ಹೇಳಲಾಗದು ಎಂದು ಮಧು ತಂದೆಗೆ ಮೂರು ಸಲ ಹೇಳಿದ್ದ. ನಲವತ್ತು ವರ್ಷ ಒಂದು ಗೆರೆ ದಾಟದವನಿಗೆ ಇದನ್ನು ಹೇಳಬೇಕೆ ಎಂದು ಗದಿಗೆಪ್ಪನಿಗೆ ಸಿಟ್ಟೇ ಬಂದಿತ್ತು.

ಅಕ್ಟೋಬರ್ ಮೂವತ್ತೊಂದು, ಬೇಟೆಯ ಋತುವಿನ ಕೊನೆಯ ದಿನ, ಮಾವ ಸೊಸೆ ಎವರೆಟ್ ದಾಟಿ ಬೆಟ್ಟದ ಕಡೆಗೆ ಹೊರಟರು. ಮರ ಸಾಗಿಸುವ ಲಾರಿಗಳಿಗೆಂದು ಮಾಡಿದ ಮಣ್ಣಿನ ದಾರಿ ಹಿಡಿದು ಮೇಲೇರಿ, ಮರ ಕಡಿದು ಬಯಲಾದ ಒಂದು ಇಳಿಜಾರಿನ ಎದುರು ಪೂರ್ಣಿಮಾ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದಳು. ಇಳಿಜಾರಿನ ಕೆಳಗೆ ಒತ್ತಾದ ಪೊದೆಗಳ ಕೊರಕಲು. ಗದಿಗೆಪ್ಪ ಅವಳಿಗೆ ಪಾಠ ಒಪ್ಪಿಸಲು ಹೇಳಿದ.

"ಇವತ್ತು ಕಾಯಿದೆ ಪ್ರಕಾರ ಗುಂಡು ಹಾರಸೂ ಹೊತ್ತು ಮುಗಿಯೂದು ಆರು ಇಪ್ಪತ್ತೈದಕ್ಕ. ನೀ ಕೆಳಗ ಇಳಿಯೂ ಪ್ರಸಂಗ ಬಂದ್ರ ನಾ ಇಲ್ಲಿಂದ ಮೂರು ಸಲ ಹಾರ್ನ್ ಹೊಡಿತೀನಿ. ಹೊಡದ ಮ್ಯಾಲೆ ಚಿಗರಿ ನಿನ್ನ ಮುಂದ ಬಿದ್ದಿದ್ರೂ ಮುಟ್ಟಬಾರದು. ಏನು ಮಾಡ್ತಿ?"

"ಗುಂಡು ತೆಗದು, ಬಂದೂಕು ಖಾಲಿ ಮಾಡಿ, ಹೊಳ್ಳಿ ಬರ್ತೀನ್ರಿ."

"ಶಾಣ್ಯಾಕಿ," ಎಂದ ಗದಿಗೆಪ್ಪ. ಊರ ಮಾತಿನಲ್ಲಿ ಅವನಿಗೆ ಜಿಂಕೆಯೆಲ್ಲ ಚಿಗರಿಯೇ.

ಐದು ಐವತ್ತಕ್ಕೆ ಮರಗಳ ಅಂಚಿನಿಂದ ಕೊಂಬಿನ ಜಿಂಕೆಯೊಂದು ಬಯಲಿಗೆ ಬಂತು. ನೂರು ಹೆಜ್ಜೆಯೂ ಇರಲಿಲ್ಲ. ಗದಿಗೆಪ್ಪ ಕಿಟಕಿಯ ಮೇಲೆ ಬಂದೂಕು ಊರಿ ಗುರಿ ಹಿಡಿದಾಗ ಅದರ ಮೇಲಿನ ದುರ್ಬೀನಿನೊಳಗೆ ಆ ಜಿಂಕೆ ಅತ್ತಿತ್ತ ಅಲುಗಿತು. ಅಲುಗಿದ್ದು ಜಿಂಕೆಯಲ್ಲ, ತನ್ನ ಕೈ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆರು ತಿಂಗಳಿಂದ ಬಲಗೈ ನಡುಗುತ್ತಿತ್ತು. ಚಹಾ ಕಪ್ಪಿನಿಂದ ಬಸಿಗೆ ಚೆಲ್ಲುತ್ತಿತ್ತು, ಅಂಗಿಯ ಗುಂಡಿ ಹಾಕಲು ಹತ್ತು ನಿಮಿಷ ಹಿಡಿಯುತ್ತಿತ್ತು. ಡಾಕ್ಟರ ಮುಂದೆ ಸೊಂಟ ತೋರಿಸಿದ್ದ, ಕೈ ತೋರಿಸಿರಲಿಲ್ಲ. ಕಾಗದದಲ್ಲಿ ಯಾರೂ ಕೇಳಿರಲಿಲ್ಲ, ಇವನು ಹೇಳಿರಲಿಲ್ಲ. ಬೇರೆಯವನ ರಿವೆಟ್ಟಾಗಿದ್ದರೆ ಕೀಳಿಸುತ್ತಿದ್ದ. ಈಗ ಕೊನೆಯ ದಿನ, ಕೊನೆಯ ಅರ್ಧ ಗಂಟೆ, ಮುಂದಿನ ವರ್ಷ ಯಾರು ಕಂಡರು ಎಂಬ ಆಸೆ. ಬಂದೂಕಿನ ಕುದುರೆ ಎಳೆದೇ ಬಿಟ್ಟ.

ಗುಂಡು ಜಿಂಕೆಯ ಹಿಂಭಾಗಕ್ಕೆ ತಗುಲಿತು. ಅದು ಕುಸಿದು, ಎದ್ದು, ಹಿಂಗಾಲು ಎಳೆದುಕೊಂಡು ಕೊರಕಲಿನೊಳಗೆ ಇಳಿದು ಮರೆಯಾಯಿತು.

ಪೂರ್ಣಿಮಾ ಮಾವನ ಮುಖ ನೋಡಿದಳು, ಸಹಾಯಕಿಯ ಕಾರ್ಡು ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡಳು, ಬಂದೂಕು ತೆಗೆದುಕೊಂಡಳು. "ನಾ ನೋಡ್ತೀನ್ರಿ ಮಾವಾರ," ಎಂದು ಇಳಿದು ಹೋದಳು. ಅವಳ ಕಿತ್ತಳೆ ಬಣ್ಣದ ಜಾಕೀಟು ಸ್ವಲ್ಪ ಹೊತ್ತು ಪೊದೆಗಳ ನಡುವೆ ಕಂಡಿತು, ಆಮೇಲೆ ಅದೂ ಇಲ್ಲ.

ಗದಿಗೆಪ್ಪ ಪ್ರಯಾಸಪಟ್ಟು ಸರಿದು ಡ್ರೈವರ್ ಸೀಟಿಗೆ ಬಂದು ಕೂತ. ಎದುರಿಗೆ ಗಡಿಯಾರ, ಕೈಯಳತೆಯಲ್ಲಿ ಹಾರ್ನು. ಮಾಡಬಹುದಾದ ಬೇರೆ ಕೆಲಸ ಅವನಿಗೆ ಇರಲಿಲ್ಲ.

ಆರು ಐದು. ಗುಂಡಿನ ಸದ್ದಿಲ್ಲ. ಆರು ಹತ್ತಕ್ಕೆ ಕೊರಕಲಿನಿಂದ ಒಂದು ಕೂಗು ಮೇಲೆ ಬಂತು. ಅರಚಿದ್ದು ಜಿಂಕೆ. ನಲವತ್ತು ವರ್ಷದಲ್ಲಿ ಆ ದನಿಯನ್ನು ಅವನು ಎರಡೇ ಸಲ ಕೇಳಿದ್ದ, ಎರಡೂ ಸಲ ಬೇರೆಯವರ ಬೇಟೆಯಲ್ಲಿ. ಗಾಯ ಮಾಡಿದ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟು ಬಂದವನ ಮನೆಯಲ್ಲಿ ಅವನ ಅಜ್ಜ ನೀರು ಸಹ ಕುಡಿಯುತ್ತಿರಲಿಲ್ಲ. ಗದಿಗೆಪ್ಪ ಫೋನು ತೆಗೆದು ಪೂರ್ಣಿಮಾಳಿಗೆ ಹಚ್ಚಿದ, ಸಿಗ್ನಲ್ ಇಲ್ಲ. ಮತ್ತೆ ಹಚ್ಚಿದ, ಇಲ್ಲ. ಕಿಟಕಿಯಿಂದ ಹೊರಗೆ ಬಾಗಿ "ಪೂರ್ಣೀ" ಎಂದು ಕೂಗಿದ. ದನಿ ಇಳಿಜಾರಿನ ಅರ್ಧಕ್ಕೂ ಹೋಗಲಿಲ್ಲ.

ಆರು ಹದಿನೆಂಟು. ಮತ್ತೆ ಕೂಗು, ಅದೇ ಜಾಗದಿಂದ. ಜಿಂಕೆ ಕದಲುತ್ತಿಲ್ಲ ಎಂದಾಯಿತು. ಹಾಗಾದರೆ ಪೂರ್ಣಿಮಾ ಅದನ್ನು ಕಂಡಿರಬೇಕು. ಕಂಡೂ ಯಾಕೆ ಹೊಡೆಯುತ್ತಿಲ್ಲ? ಬಿದ್ದಳೋ? ಕಾಲು ಉಳುಕಿತೋ? ಅಥವಾ ನಿಂತಿದ್ದಾಳೋ, ಜನ್ಮದಲ್ಲಿ ಇರುವೆ ಹೊಸಕದ ಆ ಹುಡುಗಿ, ನನ್ನ ಬಂದೂಕು ಹಿಡಿದು ಅದರ ಎದುರಿಗೆ ಸುಮ್ಮನೆ ನಿಂತುಬಿಟ್ಟಿದ್ದಾಳೋ? ಅವನು ಎರಡೂ ಕಾಲು ಹೊರಗೆ ಇಳಿಬಿಟ್ಟು ವಾಕರ್‌ಗೆ ಕೈ ಚಾಚಿದ. ಎರಡು ಹೆಜ್ಜೆ ಇಟ್ಟ. ವಾಕರಿನ ಚಕ್ರ ಮಣ್ಣಿನಲ್ಲಿ ಹೂತಿತು; ಬೀಳಲಿದ್ದವನು ಬಾಗಿಲು ಹಿಡಿದು ನಿಂತ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, "ಹಾಳ ಕೈ, ಹಾಳ ಕೈ," ಎಂದು ಅತ್ತ. ಅಳುತ್ತಲೇ ಮತ್ತೆ ಸೀಟಿಗೆ ಹತ್ತಿದ.

ಆರು ಇಪ್ಪತ್ತೈದು ಆಯಿತು.

ಅಂಗೈ ಹಾರ್ನಿನ ಮೇಲೆ ಇತ್ತು. ಒತ್ತಬೇಕು. ಒತ್ತಿದರೆ ಹೇಳಿದ ಮಾತು ಕೇಳಿ ಅವಳು ಗುಂಡು ತೆಗೆದು ಬರುತ್ತಾಳೆ, ನವೆಂಬರ್ ಹದಿನೆಂಟಕ್ಕೆ ನಿಶ್ಚಿಂತೆಯಾಗಿ ಹೋಗಿ ಪ್ರಮಾಣ ಮಾಡುತ್ತಾಳೆ, ಆ ಜಿಂಕೆ ಮಾತ್ರ ಇಡೀ ರಾತ್ರಿ ಅಲ್ಲೇ ಅರಚುತ್ತ ಬಿದ್ದಿರುತ್ತದೆ. ಒತ್ತದಿದ್ದರೆ ಅವಳು ಇನ್ನೂ ಹೊತ್ತಿದೆ ಎಂದುಕೊಳ್ಳುತ್ತಾಳೆ; ತಪ್ಪು ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತೇ ಆಗುವುದಿಲ್ಲ. ಗೊತ್ತಿರುವುದು ಒಬ್ಬನಿಗೆ. ಆ ಒಬ್ಬ ಹೊತ್ತುಕೊಂಡರಾಯಿತು. ಕೊರಕಲಿನಿಂದ ಮತ್ತೆ ಕೂಗು ಬಂತು, ಈ ಸಲ ಸಣ್ಣಗೆ.

ಗದಿಗೆಪ್ಪ ಹಾರ್ನಿನ ಮೇಲಿಂದ ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡ. ಗಡಿಯಾರದಲ್ಲಿ ಇಪ್ಪತ್ತಾರು ಬಂತು, ಇಪ್ಪತ್ತೇಳು ಬಂತು. "ಹೊಡಿ ನನ್ನವ್ವ, ಹೊಡಿ," ಎಂದು ಬಾಯಿಬಿಟ್ಟು ಬೇಡಿಕೊಂಡ. ಮೂವತ್ತಾಯಿತು. ಕತ್ತಲು ಮರಗಳ ಬುಡದಿಂದ ಮೇಲೇರುತ್ತಿತ್ತು.

ಆರು ಮೂವತ್ತಮೂರಕ್ಕೆ ಒಂದೇ ಒಂದು ಗುಂಡು ಹಾರಿತು. ಆಮೇಲೆ ಯಾವ ಕೂಗೂ ಬರಲಿಲ್ಲ.

ಅವನು ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತ. ತಲೆ ಎತ್ತಿದಾಗ ಕೆಳಗಿನ ತಿರುವಿನಲ್ಲಿ ಗಾಡಿಯೊಂದರ ದೀಪ ಕಂಡಿತು. ಕೊನೆಯ ದಿನವೆಂದು ದಾರಿಯಲ್ಲಿ ಗಸ್ತಿಗಿದ್ದ ಬೇಟೆಯ ಇಲಾಖೆಯ ಅಧಿಕಾರಿ, ಹೊತ್ತು ಮೀರಿದ ಗುಂಡಿನ ಸದ್ದು ಕೇಳಿ ಹುಡುಕಿಕೊಂಡು ಬಂದಿದ್ದ. ಮಗನ ವಯಸ್ಸಿನವನು, ಮೆತ್ತಗೆ ಮಾತಾಡುವವನು. ಟಾರ್ಚನ್ನು ಕಣ್ಣಿಗೆ ಬೀಳದ ಹಾಗೆ ಹಿಡಿದು ಇಂಗ್ಲಿಷಿನಲ್ಲಿ ಕೇಳಿದ.

"ಗುಂಡು ಹಾರಿದ್ದು ಇಲ್ಲಿಂದಲೇ, ಸರ್?"

"ಕೆಳಗಿನ ಕೊರಕಲಿನಿಂದ. ನನ್ನ ಪರವಾನಗಿಯ ಮೇಲೆ. ಗಾಯ ಮಾಡಿದವನು ನಾನು, ಮುಗಿಸಲು ಹೋದವಳು ನನ್ನ ಸೊಸೆ."

"ಆಗ ಗಂಟೆ ಎಷ್ಟಾಗಿತ್ತು, ನೋಡಿದಿರಾ?"

ಆರು ಇಪ್ಪತ್ತಮೂರು ಎನ್ನಬಹುದಿತ್ತು. ಹತ್ತು ನಿಮಿಷದ ಹೇರಾಫೇರಿ, ತನ್ನ ಗಡಿಯಾರ ಹಿಂದಿದೆ ಎಂದರಾಯಿತು. ಆದರೆ ಈ ಪ್ರಶ್ನೆಗೆ ಅವನ ಬಾಯಿಗೆ ಬೇರೆ ಉತ್ತರ ಗೊತ್ತಿರಲಿಲ್ಲ.

"ಆರು ಮೂವತ್ತಮೂರು."

ಅಧಿಕಾರಿ ತನ್ನ ಕೈಗಡಿಯಾರ ನೋಡಿಕೊಂಡ. ಇಂಥ ಉತ್ತರ ಅವನಿಗೆ ದಿನವೂ ಸಿಗುವಂಥದ್ದಲ್ಲ.

"ಹೊತ್ತು ಮುಗಿದ ಕೂಡಲೇ ಹಾರ್ನ್ ಹೊಡೆದು ಅವಳನ್ನು ಕರೆಯುವ ಹೊಣೆ ನನ್ನದಾಗಿತ್ತು," ಎಂದ ಗದಿಗೆಪ್ಪ. "ಬೇಕೆಂದೇ ಹೊಡೆಯಲಿಲ್ಲ. ಅವಳು ಹಾರ್ನನ್ನೇ ನಂಬಿಕೊಂಡಿದ್ದಳು. ಬರೆಯುವುದಿದ್ದರೆ ನನ್ನ ಹೆಸರಿಗೆ ಬರೆಯಿರಿ."

ಆ ಹೊತ್ತಿಗೆ ಪೂರ್ಣಿಮಾ ಇಳಿಜಾರು ಹತ್ತಿ ಬಂದಿದ್ದಳು. ಬಂದೂಕು ಖಾಲಿ ಮಾಡಿ, ಕಲಿಸಿದ ಹಾಗೇ ಬಾಯಿ ನೆಲಕ್ಕೆ ಮಾಡಿ ಹಿಡಿದಿದ್ದಳು. ಮೊಣಕಾಲ ತನಕ ಕೆಸರು, ಕೆನ್ನೆಯ ಮೇಲೆ ಮುಳ್ಳು ಗೀರಿದ ಗೆರೆ. ಮಾವನ ಕೊನೆಯ ಮಾತು ಅವಳ ಕಿವಿಗೆ ಬಿದ್ದಿತ್ತು. ಅವಳು ಅಧಿಕಾರಿಯ ಕಡೆ ನೋಡಲೇ ಇಲ್ಲ.

"ಇಲ್ರಿ ಮಾವಾರ," ಎಂದಳು ಕನ್ನಡದಲ್ಲಿ. "ನನಗ ಗೊತ್ತಿತ್ತು. ಸಿಗ್ನಲ್ ಇರಲಿಲ್ಲ, ಆದ್ರ ಫೋನಿನಾಗ ಟೈಮ್ ಕಾಣಸ್ತಿತ್ತಲ್ರಿ. ಇಪ್ಪತ್ತೈದಾದಾಗೂ ನೋಡೀನಿ, ಮೂವತ್ತಾದಾಗೂ ನೋಡೀನಿ. ಕೈ ಏಳವಲ್ತಾಗಿತ್ತು. ಅದು ನನ್ನ ಮಾರಿ ನೋಡಕೋತ ಒದರಾಕತ್ತಿತ್ರಿ. ಕಡೀಕ ಟೈಮ್ ನೋಡೇ ಹೊಡದೀನಿ. ನಿಮ್ಮ ತಪ್ಪಲ್ರಿ ಅದು."

ಸಿಗ್ನಲ್ ಇಲ್ಲದ ಫೋನು ಗದಿಗೆಪ್ಪನ ಪಾಲಿಗೆ ಫೋನೇ ಅಲ್ಲ. ಅದರಲ್ಲಿ ಗಡಿಯಾರವೂ ಇರುತ್ತದೆಂಬುದು ಈ ಇಡೀ ಸಂಜೆ ಅವನಿಗೆ ಹೊಳೆದೇ ಇರಲಿಲ್ಲ. ಎಂಟು ನಿಮಿಷ ತಾನೊಬ್ಬನೇ ಹೊತ್ತೆನೆಂದುಕೊಂಡದ್ದನ್ನು ಅವಳೂ ಹೊತ್ತಿದ್ದಳು, ಗೊತ್ತಿದ್ದೇ ಹೊತ್ತಿದ್ದಳು.

"ಏನು ಹೇಳುತ್ತಿದ್ದಾರೆ?" ಎಂದು ಅಧಿಕಾರಿ ಕೇಳಿದ.

ಗದಿಗೆಪ್ಪ ಮೊದಲು ಸೊಸೆಗೆ ಹೇಳಿದ. "ಕನ್ನಡದಾಗ ಹೇಳಿದಿ, ಛಲೋ ಆತು ಯವ್ವಾ. ಇನ್ನ ಇಂಗ್ಲಿಷಿನಾಗ ಬಾಯಿ ಬಿಡಬ್ಯಾಡ." ಆಮೇಲೆ ಅಧಿಕಾರಿಯ ಕಡೆ ತಿರುಗಿದ.

"ಬಹಳ ಚಳಿಯಾಗುತ್ತಿದೆಯಂತೆ."

ಸರಕಾರದ ಮನುಷ್ಯನಿಗೆ ಅವನು ಹೇಳಿದ ಮೊದಲ ಸುಳ್ಳು ಅದು. ಅಧಿಕಾರಿ ತನ್ನ ಗಾಡಿಗೆ ಹೋಗಿ ದಪ್ಪ ಕಂಬಳಿಯೊಂದನ್ನು ತಂದು ಪೂರ್ಣಿಮಾಳ ಹೆಗಲಿಗೆ ಹೊದಿಸಿದ. ಅವಳು ಅದರೊಳಗೆ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಅವನು ಕ್ಷಮೆ ಕೇಳುವ ದನಿಯಲ್ಲಿ ನಿಮ್ಮ ಲೈಸೆನ್ಸು ಮತ್ತು ಪರವಾನಗಿ ಎರಡನ್ನೂ ಕೊಡಿ ಎಂದು ಗದಿಗೆಪ್ಪನ ಕಡೆ ಕೈ ಚಾಚಿದ. ಗದಿಗೆಪ್ಪ ಜೇಬಿನಿಂದ ಕವರು ತೆಗೆದ. ಕೈ ಎಷ್ಟು ನಡುಗುತ್ತಿತ್ತೆಂದರೆ ಅದರೊಳಗಿನ ಕಾಗದ ಹೊರಗೆ ಬರಲಿಲ್ಲ. ಕವರಿನ ಸಮೇತ ಕೊಟ್ಟುಬಿಟ್ಟ.