ರೈಟರ ಮಳೆ ಸೊನ್ನೆಯಾದದ್ದು

ಮೊನ್ನೆ ಬೀರು ಸರಿಮಾಡುವಾಗ ಹಳೇ ಸೀರೆಯ ಮಡಿಕೆಯಲ್ಲಿ ಮಳೆ ಅಳೆಯುವ ಗಾಜು ಸಿಕ್ಕಿತು. ಎರಡು ಬೆರಳು ದಪ್ಪ, ಮೈಮೇಲೆ ಸೆಂಟ್‌ಗಳ ಸಣ್ಣ ಗೆರೆ. ನೂರು ಸೆಂಟ್ ಸೇರಿದರೆ ಒಂದಿಂಚು ಮಳೆ. ನೋಡಿದ್ದೇ ತಡ, ಇಷ್ಟು ವರ್ಷದ ಸಿಟ್ಟು ಮತ್ತೆ ನೆತ್ತಿಗೇರಿತು.

ಗಾಜು ನಮ್ಮ ಎಸ್ಟೇಟಿನಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರದು. ಆಲೂರಿನಲ್ಲಿ ಕಂಪ್ಯೂಟರ್ ಕಲಿತು ಸಕಲೇಶಪುರದ ಹತ್ತಿರದ ಆ ಕಾಫಿ ತೋಟದ ಆಫೀಸಿಗೆ ನಾನು ಸೇರಿದಾಗ, ಅವರು ಇಪ್ಪತ್ತಾರು ವರ್ಷದಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು ಪುಸ್ತಕಕ್ಕೆ ಬರೆಯುತ್ತಿದ್ದರು. ಮಗಳ ಮದುವೆಯ ದಿನವೂ ಅಳೆದ ಮೇಲೇ ಚಪ್ಪರಕ್ಕೆ ಹೋದವರಂತೆ. ಅದನ್ನೆಲ್ಲ ಕಂಪ್ಯೂಟರಿಗೆ ಹತ್ತಿಸುವ ಕೆಲಸ ನನಗೆ ಬಂತು. ಅವರು ಓದುವರು, ನಾನು ಒತ್ತುವೆ.

"ಎಂಬತ್ತು ಸೆಂಟ್ ಕಣಮ್ಮ, ಎಂಟು ಅಂತ ಒತ್ಬುಟ್ಟೀಯ! ಈ ಮಳೆಗೇ ಆ ವರ್ಷ ಕಾಫಿ ಹೂವಾಗಿದ್ದು."

ಮುಗಿದಾಗ ಪುಸ್ತಕಗಳನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ. "ಕಂಪ್ಯೂಟರಲ್ಲಿ ಭದ್ರವಾಗಿರುತ್ತೆ, ಕೊಡಿ ರೈಟ್ರೇ" ಎಂದು ನಾನೇ ಇಸಿದುಕೊಂಡೆ. ಗೆದ್ದಲು ಹಿಡಿದಿದೆಯೆಂದು ಮ್ಯಾನೇಜರ್ ಅವನ್ನು ಹಂಡೆ ಒಲೆಗೆ ಹಾಕಿಸಿದರು.

ಮರುವರ್ಷ ಕಂಪನಿಯ ತೋಟಗಳಿಗೆಲ್ಲ ಒಂದೇ ಸಾಫ್ಟ್‌ವೇರ್ ಎಂದು ಒಬ್ಬ ಇಂಜಿನಿಯರ್ ಬಂದ. ಕಂಪ್ಯೂಟರಿನೊಳಗೆ ಹೊಸ ಟೇಬಲ್, ಅಂದರೆ ಅಂಕಿಗಳ ಪಟ್ಟಿ, ಮಾಡಿ ಹಳೆಯ ಮಾಹಿತಿಯನ್ನು ಅದಕ್ಕೆ ಸಾಗಿಸಬೇಕಿತ್ತು. ಬೇರೆ ತೋಟಗಳಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಬರೆಯುತ್ತಿದ್ದುದರಿಂದ ಹೊಸ ಕಾಲಂ ಪೂರ್ಣಸಂಖ್ಯೆ ಮಾತ್ರ ಹಿಡಿಯುತ್ತಿತ್ತು. ನಮ್ಮದು ಇಂಚಿನ ಲೆಕ್ಕ; ಯಾವ ಅಳತೆ ಎಂದು ಆ ಮಹಾಶಯ ಕೇಳಲೂ ಇಲ್ಲ. "ಸರ್, ಮೊದಲು ಹಳೇದರ ಒಂದು ಕಾಪಿ ಇಟ್ಕೊಳ್ಳೋಣ" ಎಂದೆ. "ಐದು ನಿಮಿಷದ ಕೆಲಸ ಮೇಡಂ" ಎಂದು ಸಾಗಿಸಿದ, ಹಳೆಯದನ್ನು ಅಳಿಸಿದ, ಊಟ ಮಾಡಿ ಹೋದ.

ವಾರದ ಮೇಲೆ ಮ್ಯಾನೇಜರ್ ನೋಡಿದರೆ ಮಾರ್ಚ್, ಏಪ್ರಿಲ್ ತುಂಬ ಸೊನ್ನೆ. "ಇಷ್ಟು ವರ್ಷ ಮಳೆ ಗೇಜ್ ಹತ್ರ ಹೋಗೇ ಇಲ್ವೇನಯ್ಯ?" ಎಂದು ಆಳುಗಳೆದುರೇ ರೈಟರ ಮೇಲೆ ಕೂಗಾಡಿ ಮೆಮೊ ಕೊಟ್ಟರು. ರೈಟರು ನನ್ನ ಕಡೆ ತಿರುಗಿದರು.

"ನೀನೇ ಒತ್ತಿದ್ದಲ್ವೇನಮ್ಮ... ಹೇಳು."

ಒತ್ತಿದ್ದೆ. ಒಂದೊಂದು ಸೆಂಟೂ ಒತ್ತಿದ್ದೆ. ಕೆಲಸ ಹೋದೀತೆಂಬ ಭಯಕ್ಕೆ "ಗೊತ್ತಿಲ್ಲ ಸರ್" ಎಂದುಬಿಟ್ಟೆ. ಥೂ ನನ್ನ ಜನ್ಮಕ್ಕೆ! ಮರುದಿನವೇ ಅವರು ಕೆಲಸ ಬಿಟ್ಟು ಬೆಳಗೋಡಿನ ಮನೆಗೆ ಹೊರಟುಹೋದರು.

ತಿಂಗಳಾದ ಮೇಲೆ ನನ್ನ ಡ್ರಾಯರಿನಲ್ಲಿ, ಇಂಜಿನಿಯರ್ ಬರುವ ಮೊದಲು ತೆಗೆದಿದ್ದ ಹಳೇ ಪ್ರಿಂಟಿನ ಒಂದು ಹಾಳೆ ಸಿಕ್ಕಿತು. ಹೊಸದರ ಜೊತೆ ಹೋಲಿಸಿದೆ. ೧.೬೦ ಇದ್ದದ್ದು ೧ ಆಗಿತ್ತು, ೦.೮೦ ಇದ್ದದ್ದು ಸೊನ್ನೆ. ಇಂಚು ಮುಟ್ಟದ ಹೂಮಳೆಯೆಲ್ಲ ಹೊಸ ಟೇಬಲ್ಲಿನಲ್ಲಿ ಬಿದ್ದೇ ಇರಲಿಲ್ಲ! ಓಡಿಹೋಗಿ ಮ್ಯಾನೇಜರಿಗೆ ತೋರಿಸಿದೆ.

"ಬಿಡಮ್ಮ, ಹೋದೋರು ಹೋದ್ರು. ಹೆಂಗೂ ವಯಸ್ಸಾಗಿತ್ತು" ಎಂದರು. ಆ ಇಂಜಿನಿಯರಿಗೆ ಮಾತ್ರ ಒಂದು ಮಾತಿಲ್ಲ. ಅವನಿಗೆ ಕಾಫಿಪುಡಿ ಕಟ್ಟಿಕೊಟ್ಟು ಕಳಿಸಿದ್ದರಲ್ಲ!

ಹಾಳೆ ಹಿಡಿದು ಬೆಳಗೋಡಿಗೆ ಹೋಗಬೇಕು, ನಾಳೆ, ಬರುವ ಭಾನುವಾರ... ಮುಖವಿಲ್ಲದೆ ವರ್ಷ ಕಳೆದೆ. ಕೊನೆಗೆ ಬಸ್ಸು ಹತ್ತಿ ಹೋದಾಗ ಅವರ ಫೋಟೋಗೆ ಹಾರ ಹಾಕಿತ್ತು. ಹೆಂಡತಿ ಒಳಗಿಂದ ಈ ಗಾಜು ತಂದು ನನ್ನ ಕೈಗಿಟ್ಟರು.

"ಕೊನೇವರ್ಗೂ ಕೇಳ್ತಿದ್ರು ಕಣವ್ವ, ಆ ಹುಡ್ಗಿ ಕಂಪ್ಯೂಟ್ರಲ್ಲಿ ಹುಡುಕುದ್ಲಾ ಅಂತ."

ಈಗ ಬೇರೆ ಆಫೀಸು. ಹೋದ ವಾರ ಸಾಫ್ಟ್‌ವೇರಿನ ಟೇಬಲ್ ಬದಲಾಯಿಸಲು ಬಂದವನೂ "ಐದೇ ನಿಮಿಷ ಮೇಡಂ" ಎಂದ. ಕಾಪಿ ಇಡುವವರೆಗೆ ಕೀಬೋರ್ಡ್ ಮುಟ್ಟಬೇಡ ಎಂದು ಗದರಿದೆ. ಪಾಪ, ಬೆಪ್ಪಾಗಿ ನಿಂತ. ಮೊನ್ನೆ ಗಾಜನ್ನು ಒರೆಸಿ, ಆ ಹಾಳೆಯನ್ನು ಸುರುಳಿ ಸುತ್ತಿ ಅದರೊಳಗಿಟ್ಟೆ. ಹುಡುಕಿದೆ ರೈಟ್ರೇ, ಸಿಕ್ಕಿತು... ನೀವು ಅಳೆದದ್ದು ಸರಿಯಾಗಿತ್ತು.