ಮಡಿಲಕ್ಕಿಯ ಮೇಲೊಂದು ಡಬ್ಬಿ

ಹುಟ್ಟಿದ ಕೂಸಿನ ಹಿಮ್ಮಡಿಯಿಂದ ತೆಗೆದ ರಕ್ತದಲ್ಲಿ ಥೈರಾಯ್ಡ್ ಕೊರತೆ ಕಂಡರೆ ದಿನಾ ಬೆಳಿಗ್ಗೆ ಮಾತ್ರೆ ಕೊಡಬೇಕು. ಕೊಟ್ಟರೆ ಮಗು ಎಲ್ಲರಂತೆ ಬೆಳೆಯುತ್ತದೆ, ಬಿಟ್ಟರೆ ಬುದ್ಧಿ ಮಂಕಾಗುತ್ತದೆ. ಇಂಥ ಮಕ್ಕಳ ಬೆನ್ನುಹತ್ತುವುದೇ ನರ್ಸಾದ ನನ್ನ ಕೆಲಸ. ಚನ್ನಗಿರಿಯಿರಲಿ, ನ್ಯಾಮತಿಯಿರಲಿ, ಬಾಣಂತಿ ತವರಿನಿಂದ ಗಂಡನ ಮನೆಗೆ ಹೋದೊಡನೆ ಮಾತ್ರೆ ನಿಲ್ಲುತ್ತಿತ್ತು. ಅತ್ತೆ ಏನನ್ನುತ್ತಾರೋ ಎಂದು ಕಾಯಿಲೆಯ ಸುದ್ದಿಯನ್ನೇ ಮುಚ್ಚಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೊನ್ನಾಳಿ ಕಡೆಯ ಒಬ್ಬ ಬಾಣಂತಿ ಜಗಳೂರಿಗೆ ಹೊರಟ ದಿನ ನಾನೇ ಅವರ ಮನೆಗೆ ಹೋದೆ. ಕರೆದೊಯ್ಯಲು ಬಂದಿದ್ದ ಅತ್ತೆ ಪಡಸಾಲೆಯಲ್ಲಿ ಕೂತಿದ್ದರು. ಬಾಣಂತಿಯ ತಾಯಿಯನ್ನು ಒಳಗೆ ಕರೆದು, ಮಾತ್ರೆಯ ಡಬ್ಬಿಯನ್ನೂ ಮಡಿಲಿಗೆ ಹಾಕಿರಿ ಎಂದೆ.

"ಮಡಿಲಿಗೆ ಔಷಧಿ ಹಾಕ್ತಾರೇನ್ರೀ?"

"ಕೂಸಿನ ಬಾಳು ಅದರಲ್ಲೇ ಐತೆ, ಹಾಕ್ರಿ."

ಎಲ್ಲರೆದುರು ಅಕ್ಕಿ, ಕೊಬ್ಬರಿ, ಬೆಲ್ಲದ ಮೇಲೆ ಡಬ್ಬಿ ಬಿತ್ತು. ಇದೇನೆಂದು ಅತ್ತೆ ಕೇಳಿದರು. ನಾನು ಒಂದನ್ನೂ ಮುಚ್ಚಿಡದೆ ಹೇಳಿದೆ. ಮಡಿಲಿಗೆ ಬಿದ್ದದ್ದನ್ನು ತೆಗೆದಿಡು ಎನ್ನುವ ಅತ್ತೆ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಡಬ್ಬಿ ಜಾರದಂತೆ ಅವರೇ ಸೊಸೆಯ ಮಡಿಲ ಸೆರಗನ್ನು ಬಿಗಿದರು. ಮುಂದೆ ಎಲ್ಲ ಮನೆಗಳಲ್ಲೂ ಹೀಗೇ ಮಾಡಿಸಿದೆ.

ಆ ಕೂಸು ಈ ವರ್ಷ ಶಾಲೆಗೆ ಸೇರಿದೆ. ಜಗಳೂರಿಗೆ ನೋಡಲು ಹೋದಾಗ ಸ್ಲೇಟು ಹಿಡಿದು ಅಕ್ಷರ ತಿದ್ದುತ್ತಿತ್ತು. ಅದೇ ಅತ್ತೆ ಮೊಮ್ಮಗಳ ತಲೆ ನೇವರಿಸುತ್ತಾ ನನಗೆ ಹೇಳಿದರು:

"ಮಡಿಲಕ್ಕಿ ಆವತ್ತೇ ಉಂಡು ಮುಗಿಸಿದ್ವಿ. ಆ ಡಬ್ಬಿ ಮಾತ್ರ ಒಂದಿನಾನೂ ಖಾಲಿ ಆಗಾಕೆ ಬಿಟ್ಟಿಲ್ಲ ನೋಡ್ರಿ."